ಹಿಮಖಂಡದ ಬಾಯಾರಿಕೆ

ದಕ್ಷಿಣ ಧ್ರುವವನ್ನು ಒಡಲಲ್ಲಿಟ್ಟುಕೊಂಡಿರುವ ಅಂಟಾರ್ಕ್ಟಿಕ ಖಂಡದಲ್ಲಿ ಗಿಡಮರಗಳಿಲ್ಲದಿರುವುದಕ್ಕೆ ಅಲ್ಲಿಯ ಶೀತವೇ ಸಾಕಾದ ಕಾರಣವೆಂದು, 1983ರ ಜುಲೈಯಲ್ಲಿ ವೊಸ್ತೋಕ್ ಕೇಂದ್ರದ ಉಷ್ಣಮಾಪಕವು ಶೂನ್ಯಕ್ಕಿಂತ 89.2 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿಳಿದಿದ್ದಿತೆಂಬುದನ್ನು ಕೇಳಿದ ಯಾರಿಗಾದರೂ ತೋರುವುದು ಸಹಜ. ಆದರೆ ಅಲ್ಲಿಯ ಸಸ್ಯಜೀವನವನ್ನು ಶೀತಕ್ಕಿಂತಲೂ ನಿರ್ದಯವಾಗಿ ಪೀಡಿಸುವುದು ಬಾಯಾರಿಕೆ. ಭೂಮಂಡಲದ ಸಿಹಿನೀರಿನ ಬಹುಭಾಗವು ಅಲ್ಲಿಯೇ ಸಂಚಿತವಾಗಿದ್ದರೂ ಗಡ್ಡೆಗಟ್ಟಿದ ನೀರನ್ನು ಯಾವ ಬೇರೂ ಹೀರಲಾರದು. ಒಳನಾಡಿನಲ್ಲಿ ವರ್ಷವಿಡೀ ಬಿದ್ದ ಹಿಮವನ್ನೆಲ್ಲ ಕರಗಿಸಿದರೂ 50 ಮಿಲಿಮೀಟರು ನೀರು ದೊರೆಯುವುದು ದುರ್ಲಭ. ಪ್ರಸ್ಥಭೂಮಿಯಿಂದ ಧುಮುಕುವ ಶುಷ್ಕಮಾರುತವಾದರೋ ಇದ್ದ ತೇವವನ್ನೂ ಅಪಹರಿಸಿಬಿಡುತ್ತದೆ. ಹಿಮಾವರಣವಿಲ್ಲದ ನೆಲವೂ ನೂರರಲ್ಲಿ ಎರಡು ಪಾಲನ್ನು ಮೀರದು.

ಆದುದರಿಂದ ಆ ಖಂಡಕ್ಕೆ ಸಹಜವಾದ ಹೂಬಿಡುವ ಸಸ್ಯಗಳು ಎರಡೇ ಎರಡು: ಡೆಶಾಂಪ್ಸಿಯ ಎಂಬ ಹುಲ್ಲು, ಮೆತ್ತೆಯಂತೆ ನೆಲಕ್ಕಂಟಿ ಬೆಳೆಯುವ ಕೊಲೊಬ್ಯಾಂತಸ್. ಇವೆರಡೂ ಬೇಸಗೆಯಲ್ಲಿ ಹಿಮ ಕರಗಿ ಹರಿಯುವ ಪಶ್ಚಿಮದ ಪರ್ಯಾಯದ್ವೀಪವನ್ನೇ ಆಶ್ರಯಿಸಿವೆ. ನಮ್ಮ ದೇಶದ ಮೈತ್ರಿ ಕೇಂದ್ರವಿರುವ ಶಿರ್ಮಾಖರ್ ಪ್ರದೇಶದಲ್ಲಿ ಕಾಣುವ ಹಸುರು ಹಾವಸೆ, ಕಲ್ಲುಹೂವುಗಳದು ಮಾತ್ರ.

ಆದರೆ ನನ್ನ ಮನಸ್ಸನ್ನು ಬಹುವಾಗಿ ಸೆಳೆದುದು ಮ್ಯಾಕ್‌ಮರ್ಡೊ ಒಣಕಣಿವೆಗಳ ಮರಳುಗಲ್ಲು. ಹೊರಗಿನಿಂದ ನೋಡುವವನಿಗೆ ಅಲ್ಲಿ ಜೀವದ ಸುಳಿವೇ ಇಲ್ಲ. ಆದರೂ ಕಲ್ಲಿನ ತುಣುಕೊಂದನ್ನು ಒಡೆದರೆ, ಮೇಲ್ಮೈಯಿಂದ ಕೆಲವೇ ಮಿಲಿಮೀಟರುಗಳ ಒಳಗೆ ಕಪ್ಪು, ಬಿಳಿ, ಹಸುರು ಪದರಗಳು ಒಂದರ ಕೆಳಗೊಂದು ಕಾಣುವುವು. ಇಮ್ರೆ ಫ್ರೀಡ್‌ಮನ್ ಎಂಬ ವಿಜ್ಞಾನಿ 1982ರಲ್ಲಿ ಸವಿಸ್ತಾರವಾಗಿ ವರ್ಣಿಸಿದ ಈ ಪದರಗಳು ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಕಲ್ಲುಹೂವುಗಳೇ. ಸ್ಫಟಿಕದ ಹರಳುಗಳ ಮೂಲಕ ಮಂದವಾದ ಬೆಳಕು ಒಳಗಿಳಿಯುತ್ತದೆ. ಬಿಸಿಲಿಗೆ ಕಾದ ಕಲ್ಲು ಸುತ್ತಣ ಗಾಳಿಗಿಂತ ಬೆಚ್ಚಗಿರುತ್ತದೆ. ಮೇಲೆ ಬಿದ್ದ ಅಲ್ಪ ಹಿಮವು ಕರಗಿ ರಂಧ್ರಗಳೊಳಗೆ ಇಂಗಿ, ಗಾಳಿಯ ಕೈಗೆ ಸಿಗದೆ ಕೆಲಕಾಲ ಉಳಿಯುತ್ತದೆ. ಸಸ್ಯಲೋಕದಲ್ಲಿ ಇದಕ್ಕಿಂತ ಮಿಗಿಲಾದ ತಪಸ್ಸನ್ನು ನಾನರಿಯೆ. ಹಾವಸೆಯ ತಾಳ್ಮೆಯೂ ಸಾಮಾನ್ಯವಾದುದಲ್ಲ: ಸಿಗ್ನಿ ದ್ವೀಪದಲ್ಲಿ 1500 ವರ್ಷಗಳಿಗೂ ಮಿಗಿಲಾಗಿ ಹೆಪ್ಪುಗಟ್ಟಿದ್ದ ಹಾವಸೆಯು ಬೆಳಕನ್ನೂ ಬೆಚ್ಚನೆಯ ತಾವನ್ನೂ ಒದಗಿಸಿದೊಡನೆ ಕೆಲವೇ ವಾರಗಳಲ್ಲಿ ಚಿಗುರಿದ ವೃತ್ತಾಂತವನ್ನು ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದರು.

ಈ ನೆಲವು ಆದಿಯಿಂದಲೂ ಹೀಗೆ ಬತ್ತಿದ್ದುದಲ್ಲ. 1912ರಲ್ಲಿ ಧ್ರುವದಿಂದ ಹಿಂದಿರುಗುತ್ತಿದ್ದ ಕ್ಯಾಪ್ಟನ್ ಸ್ಕಾಟನೂ ಅವನ ಸಂಗಾತಿಗಳೂ ಬಿಯರ್ಡ್‌ಮೋರ್ ಹಿಮನದಿಯ ಬಳಿ ಆಯ್ದ ಸುಮಾರು 16 ಕಿಲೋಗ್ರಾಂ ಕಲ್ಲುಗಳನ್ನು, ಹಸಿವು ದಣಿವುಗಳಿಂದ ಕುಸಿಯುತ್ತಿದ್ದಾಗಲೂ ಬಿಸುಡದೆ ಕಡೆಯವರೆಗೂ ಎಳೆದುಕೊಂಡು ಬಂದಿದ್ದರು. ಅವರು ಮಡಿದು ತಿಂಗಳುಗಳು ಕಳೆದ ತರುವಾಯ ದೊರೆತ ಆ ಕಲ್ಲುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಮರದ ಎಲೆಗಳ ಅಚ್ಚುಗಳಿದ್ದುವು. ಆ ಕುಲದ ಎಲೆಗಳೇ ನಮ್ಮ ದಾಮೋದರ ಕಣಿವೆಯ ಕಲ್ಲಿದ್ದಲ ಪದರಗಳಲ್ಲಿಯೂ ಹೇರಳವಾಗಿ ದೊರೆಯುತ್ತವೆ. ಎರಡು ನಾಡುಗಳೂ ಗೊಂಡ್ವಾನವೆಂಬ ಒಂದೇ ಭೂಭಾಗವಾಗಿದ್ದ ಕಾಲದಲ್ಲಿ, ನೀರು ನಿಂತ ಜೌಗುನೆಲದಲ್ಲಿ, ಆ ಅರಣ್ಯವು ಬೆಳೆದಿದ್ದಿತು.