ಜಪಾನೀ ಪರೀಕ್ಷೆ ಕಟ್ಟಬೇಕೇ? ಕಣ್ಣು, ಕಿವಿ, ಬಾಯಿಯ ಲೆಕ್ಕ

ನಾನು ಜಪಾನೀ ಕಲಿಯುತ್ತಿದ್ದೇನೆ ಎಂದರೆ ನಮ್ಮ ಕೂಟದ ಗೆಳತಿಯರು ಕೇಳುವ ಮೊದಲ ಪ್ರಶ್ನೆ "ಯಾಕ್ರೀ?" ಎರಡನೆಯದು "ಪರೀಕ್ಷೆ ಕಟ್ಟಿದ್ದೀರಾ?" ಮೊದಲನೆಯದಕ್ಕೆ ಉತ್ತರ ಸುಲಭ. ಮಗ ನಾಗೋಯಾದಲ್ಲಿ ನೆಲೆಸಿದ್ದಾನೆ, ಸೊಸೆ ಜಪಾನಿನವಳು, ಮೊಮ್ಮಗಳಿಗೆ ಈಗ ನಾಲ್ಕು ವರ್ಷ. ನಮ್ಮ ಬೀಗಿತ್ತಿಗೆ ಇಂಗ್ಲಿಷ್ ಬಾರದು. ಮಗುವಿನ ಎರಡು ಅಜ್ಜಿಯರು ವಿಡಿಯೋ ಕರೆಯಲ್ಲಿ ನಕ್ಕು ತಲೆಯಾಡಿಸುವುದಷ್ಟಕ್ಕೇ ನಿಲ್ಲಬಾರದು ಎಂದು ಎರಡು ವರ್ಷದ ಹಿಂದೆ ಕಲಿಯಲು ಕೂತೆ. ಎರಡನೆಯ ಪ್ರಶ್ನೆಗೆ ಉತ್ತರಿಸಲು ಮಾತ್ರ ಆ ಪರೀಕ್ಷೆ ಏನನ್ನು ಅಳೆಯುತ್ತದೆ ಎಂದು ತಿಳಿಯಬೇಕಾಯಿತು. ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ನಮ್ಮ ಮನೆಗಳಲ್ಲಿ ಅನಿಮೆ ನೋಡಿ ಜಪಾನೀ ಕಲಿಯುವ ಮಕ್ಕಳಿದ್ದಾರೆ, ಜಪಾನಿನಲ್ಲಿ ಕೆಲಸ ಹುಡುಕುವ ಊರಿನ ನೆಂಟರಿದ್ದಾರೆ. ಅವರಿಗೂ ಉಪಯೋಗವಾದೀತು.

ಪರೀಕ್ಷೆಯ ಸ್ವರೂಪ

ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಯನ್ನು ಎಲ್ಲರೂ ಜೆಎಲ್‌ಪಿಟಿ ಎನ್ನುತ್ತಾರೆ. ಇದು 1984ರಲ್ಲಿ ಶುರುವಾಯಿತು. ಆ ವರ್ಷ ಜಗತ್ತಿನಾದ್ಯಂತ ಬರೆದವರು ಸುಮಾರು 7,000 ಮಂದಿ. ಈಗ ವರ್ಷಕ್ಕೆ ಹತ್ತು ಲಕ್ಷ ಮೀರಿದೆ. ಮೊದಲು ನಾಲ್ಕು ಮಟ್ಟಗಳಿದ್ದವು. 2010ರಿಂದ ಐದಾಗಿವೆ: ಎನ್5 ಅತ್ಯಂತ ಕೆಳಗಿನದು, ಎನ್1 ಅತ್ಯಂತ ಮೇಲಿನದು. ಒಂದೊಂದಾಗಿ ಮೆಟ್ಟಿಲು ಹತ್ತಲೇಬೇಕೆಂಬ ನಿಯಮವಿಲ್ಲ, ಯಾವ ಮಟ್ಟಕ್ಕೆ ಬೇಕಾದರೂ ನೇರವಾಗಿ ಕೂರಬಹುದು. ಅಮೆರಿಕದಲ್ಲಿ ವರ್ಷಕ್ಕೆ ಒಂದೇ ಸಲ, ಡಿಸೆಂಬರ್ ಮೊದಲ ಭಾನುವಾರ ನಡೆಯುತ್ತದೆ. ಭಾರತದಲ್ಲಿ ಜುಲೈನಲ್ಲೂ ಇದೆ; ಅಲ್ಲಿನ ಪರೀಕ್ಷಾ ಕೇಂದ್ರಗಳಲ್ಲಿ ಬೆಂಗಳೂರೂ ಒಂದು.

ಒಟ್ಟು ಅಂಕ 180. ಪಾಸಾಗಲು ಎನ್5ಕ್ಕೆ 80, ಎನ್4ಕ್ಕೆ 90, ಎನ್3ಕ್ಕೆ 95, ಎನ್2ಕ್ಕೆ 90, ಎನ್1ಕ್ಕೆ 100 ಬೇಕು. ಇದರ ಜೊತೆಗೆ ಪ್ರತಿ ವಿಭಾಗದಲ್ಲೂ ಕನಿಷ್ಠ ಅಂಕ ಉಂಟು. ಎನ್3ರಲ್ಲಿ ಪದ-ವ್ಯಾಕರಣಕ್ಕೆ 60, ಓದಿಗೆ 55, ಆಲಿಸುವಿಕೆಗೆ 18 ಬಂದರೆ ಮೊತ್ತ 133 ಆಗುತ್ತದೆ. ಆದರೂ ನಪಾಸು, ಏಕೆಂದರೆ ಪ್ರತಿ ವಿಭಾಗದಲ್ಲೂ 60ಕ್ಕೆ 19 ಬರಲೇಬೇಕು.

ಮುಖ್ಯವಾದ ಸಂಗತಿ ಇನ್ನೊಂದಿದೆ. ಪ್ರಶ್ನೆಗಳೆಲ್ಲ ಸರಿಯುತ್ತರ ಆರಿಸುವ ಬಗೆಯವು. ಮಾತನಾಡುವ ಪರೀಕ್ಷೆ ಇಲ್ಲ, ಬರೆಯುವ ಪರೀಕ್ಷೆಯೂ ಇಲ್ಲ. ಇದು ಕಣ್ಣನ್ನೂ ಕಿವಿಯನ್ನೂ ಅಳೆಯುತ್ತದೆ, ಬಾಯಿಯನ್ನು ಕೇಳುವುದೇ ಇಲ್ಲ. ಕಟ್ಟಬೇಕೇ ಬೇಡವೇ ಎಂಬ ಚರ್ಚೆಯೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಕನ್ನಡ ಕೊಡುವ ಮುಂಗಡ

ಇಂಗ್ಲಿಷ್ ಮಾತೃಭಾಷೆಯವರಿಗೆ ಜಪಾನೀ ಕಲಿಯಲು ಸುಮಾರು 2,200 ತರಗತಿ ಗಂಟೆ ಬೇಕೆಂದು ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ಲೆಕ್ಕ ಹಾಕುತ್ತದೆ. ಕನ್ನಡಿಗರು ಈ ಸಂಖ್ಯೆಗೆ ಹೆದರಬೇಕಾಗಿಲ್ಲ. ಕ್ರಿಯಾಪದ ವಾಕ್ಯದ ಕೊನೆಗೆ, ವಿಭಕ್ತಿ ನಾಮಪದದ ಹಿಂದೆ, ವಿಶೇಷಣ ಮುಂದೆ: ವಾಕ್ಯದ ಕಟ್ಟು ನಮ್ಮದೇ. "ಕಿನೋ ಕಿತ ತೆಗಮಿ" ಎಂದರೆ ಪದಕ್ಕೆ ಪದವಾಗಿ "ನಿನ್ನೆ ಬಂದ ಪತ್ರ". "ಯೊಂದೆ ಮಿರು" ಎಂದರೆ "ಓದಿ ನೋಡು". ಪ್ರಯತ್ನಿಸುವುದು ಎಂಬ ಅರ್ಥಕ್ಕೆ ಅವರೂ "ನೋಡು" ಎನ್ನುವ ಕ್ರಿಯಾಪದವನ್ನೇ ಸೇರಿಸುತ್ತಾರೆ. "ತಿಂದುಬಿಟ್ಟ" ಎನ್ನುವಾಗಿನ ನಮ್ಮ "ಬಿಡು"ವಿನಂಥದ್ದೂ ಅವರಲ್ಲಿದೆ. ಮನೆಯಿಂದ ಹೊರಡುವಾಗ ಜಪಾನಿನವರು "ಇತ್ತೆ ಕಿಮಾಸ್" ಎನ್ನುತ್ತಾರೆ, ಅಂದರೆ "ಹೋಗಿ ಬರುತ್ತೇನೆ". ಒಳಗಿರುವವರು "ಇತ್ತೆ ರಾಶ್ಶೈ" ಎನ್ನುತ್ತಾರೆ, "ಹೋಗಿ ಬನ್ನಿ" ಎಂದ ಹಾಗೆ. "ಹೋಗ್ತೀನಿ" ಅನ್ನಬಾರದು, "ಹೋಗಿ ಬರ್ತೀನಿ" ಅನ್ನಬೇಕು ಎಂದು ಕೇಳಿಸಿಕೊಂಡು ಬೆಳೆದ ನಮಗೆ ಇದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ.

ಕಿವಿಗೂ ಮುಂಗಡ ಉಂಟು. "ಒಬಸನ್" ಎಂದರೆ ಅತ್ತೆಯೋ ಚಿಕ್ಕಮ್ಮನೋ, "ಒಬಾಸನ್" ಎಂದರೆ ಅಜ್ಜಿ. "ಕಿತೆ" ಎಂದರೆ ಬಂದು, "ಕಿತ್ತೆ" ಎಂದರೆ ಅಂಚೆಚೀಟಿ. ಇಂಗ್ಲಿಷ್ ಕಿವಿಗೆ ಇವನ್ನು ಬೇರ್ಪಡಿಸುವುದು ಕಷ್ಟ. ಹ್ರಸ್ವ, ದೀರ್ಘ, ಒತ್ತಕ್ಷರಗಳ ನಮಗೆ ಸಲೀಸು. ಜಪಾನೀ ಕಾನಾ ಅಕ್ಷರಗಳ ಕ್ರಮವೂ ಅ, ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಬೌದ್ಧ ಧರ್ಮದೊಡನೆ ಅಲ್ಲಿಗೆ ಹೋದ ಸಂಸ್ಕೃತ ವರ್ಣಮಾಲೆಯ ಗುರುತು ಅದು. ಹಾಗೆಂದು ಎರಡೂ ಭಾಷೆಗಳು ಒಂದೇ ತಾಯಿಯ ಮಕ್ಕಳೆಂದು ಭಾವಿಸಬೇಕಿಲ್ಲ. ಸುಸುಮು ಓನೊ ಎಂಬ ವಿದ್ವಾಂಸರು ಜಪಾನೀಗೂ ತಮಿಳಿಗೂ ನಂಟಿದೆ ಎಂದು ವಾದಿಸಿದ್ದರು. ಹೆಚ್ಚಿನ ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪಲಿಲ್ಲ. ಹೋಲಿಕೆ ಕಲಿಯಲು ಅನುಕೂಲ, ಅಷ್ಟೇ.

ಕಾಂಜಿಯ ಗೋಡೆ

ಮುಂಗಡ ಖರ್ಚಾಗುವುದು ಕಾಂಜಿಯ ಹತ್ತಿರ, ಅಂದರೆ ಚೀನಾದಿಂದ ಬಂದ ಚಿತ್ರಾಕ್ಷರಗಳ ಹತ್ತಿರ. ನಮ್ಮ ಲಿಪಿಯಲ್ಲಿ ಅಕ್ಷರ ಕಂಡರೆ ಸಾಕು, ಉಚ್ಚಾರ ಗೊತ್ತಾಯಿತು. ಕಾಂಜಿ ಹಾಗಲ್ಲ. ಹುಟ್ಟು, ಬದುಕು ಎಂಬರ್ಥದ ಒಂದೇ ಅಕ್ಷರ ಗುರು ಎಂಬರ್ಥದ "ಸೆನ್ಸೇ" ಪದದಲ್ಲಿ "ಸೇ", ಹುಟ್ಟುಹಬ್ಬದ "ತಂಜೋಬಿ"ಯಲ್ಲಿ "ಜೋ", ಹಸಿ ಮೊಟ್ಟೆಯ "ನಮತಮಗೊ"ದಲ್ಲಿ "ನಮ". ನಿತ್ಯಬಳಕೆಗೆಂದು ಜಪಾನ್ ಸರ್ಕಾರ 2010ರಲ್ಲಿ ಗೊತ್ತುಮಾಡಿದ ಪಟ್ಟಿಯಲ್ಲಿ 2,136 ಕಾಂಜಿಗಳಿವೆ. ಹೊಸ ಪರೀಕ್ಷೆಗೆ ಅಧಿಕೃತ ಪದಪಟ್ಟಿ ಪ್ರಕಟವಾಗುವುದಿಲ್ಲ. ಹಳೆಯ ನಾಲ್ಕು ಮಟ್ಟಗಳಿಗೆ ಕೆಳಗಿನಿಂದ ಮೇಲಕ್ಕೆ ಸುಮಾರು 100, 300, 1,000, 2,000 ಕಾಂಜಿ ಎಂದಿತ್ತು. 300ರಿಂದ 1,000ಕ್ಕೆ ನೆಗೆಯುವ ಕಂದಕ ತುಂಬಲೆಂದೇ ನಡುವೆ ಈಗಿನ ಎನ್3 ಬಂತು. ಕನ್ನಡಿಗರ ವ್ಯಾಕರಣ, ಕಿವಿಗಳ ಬಲ ಎನ್4ರವರೆಗೆ ಚೆನ್ನಾಗಿ ಕೈಹಿಡಿಯುತ್ತದೆ. ಅಲ್ಲಿಂದ ಮುಂದೆ ದಿನವೂ ಕೂತು ಅಕ್ಷರ ತಿದ್ದದೆ ಗತಿಯಿಲ್ಲ.

ಮಾತು ಬೇರೆ, ಓದು ಬೇರೆ

ಭಾಷೆಯನ್ನು ಅಳೆದು ನೋಡುವುದು ಬೇ ಏರಿಯಾಕ್ಕೆ ಹೊಸದಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಜಪಾನೀ ವಲಸಿಗರು ಮಕ್ಕಳಿಗೆ ಮನೆಭಾಷೆ ಕಲಿಸಲು ಕಿನ್ಮೊನ್ ಗಾಕುಎನ್ ಶಾಲೆಯನ್ನು 1911ರಲ್ಲಿಯೇ ತೆರೆದಿದ್ದರು. ಆದರೂ 1941ರಲ್ಲಿ ಸೇನೆ ಪಶ್ಚಿಮ ಕರಾವಳಿಯಲ್ಲಿದ್ದ ಜಪಾನೀ ಮೂಲದ ಸುಮಾರು 3,700 ಸೈನಿಕರನ್ನು ಪರೀಕ್ಷಿಸಿದಾಗ ಭಾಷೆಯಲ್ಲಿ ನಿಜವಾಗಿ ನುರಿತವರು ಶೇಕಡಾ 3 ಮಾತ್ರ. ಆ ವರ್ಷ ನವೆಂಬರ್ 1ರಂದು ಪ್ರೆಸಿಡಿಯೊದಲ್ಲಿ 60 ಮಂದಿಗೆ ಗುಟ್ಟಾಗಿ ಭಾಷಾಶಾಲೆ ತೆರೆಯಬೇಕಾಯಿತು. ಮನೆಯಲ್ಲಿ ಕೇಳಿದ ಮಾತು ತಾನಾಗಿ ಓದು ಆಗುವುದಿಲ್ಲ. ಅಡುಗೆಮನೆಯಲ್ಲಿ ಕನ್ನಡ ಆಡುವ, ಆದರೆ ಈ ಸಂಚಿಕೆ ಓದಲಾರದ ನಮ್ಮ ಮಕ್ಕಳ ಮಟ್ಟಿಗೂ ಇದು ನಿಜ. ತಿರುಗಿಸಿ ನೋಡಿದರೂ ಅಷ್ಟೇ: ಓದು ಬಂತೆಂದು ಮಾತು ಬರುವುದಿಲ್ಲ.

ಯಾರಿಗೆ ಬೇಕು?

ಹಾಗಾದರೆ ಮೊದಲು ಕೇಳಿಕೊಳ್ಳಬೇಕಾದ್ದು: ಈ ಪ್ರಮಾಣಪತ್ರವನ್ನು ಯಾರು ನೋಡುತ್ತಾರೆ?

ಜಪಾನಿನಲ್ಲಿ ಕೆಲಸ ಬಯಸುವವರಾದರೆ ಅನುಮಾನವೇ ಬೇಡ, ಕಟ್ಟಿ. ಅಲ್ಲಿನ ಉನ್ನತ ಪರಿಣತರ ವೀಸಾಕ್ಕೆ 70 ಪಾಯಿಂಟ್ ಬೇಕು. ಎನ್1ಕ್ಕೆ 15, ಎನ್2ಕ್ಕೆ 10 ಸಿಗುತ್ತವೆ. ನಿರ್ದಿಷ್ಟ ಕೌಶಲದ ಕೆಲಸಗಾರರ ವೀಸಾಕ್ಕೆ ಎನ್4 ಅಥವಾ ಜೆಎಫ್‌ಟಿ ಬೇಸಿಕ್ ಎಂಬ ಇನ್ನೊಂದು ಪರೀಕ್ಷೆ ಪಾಸಾಗಿರಬೇಕು. ಎನ್5 ತೋರಿಸಿ ಕೆಲಸ ಗಿಟ್ಟಿಸುವುದು ಕಷ್ಟ.

ಇಲ್ಲಿನ ಹೈಸ್ಕೂಲು ಮಕ್ಕಳಿಗೆ ಎಪಿ ಜಪಾನೀ ಪರೀಕ್ಷೆ ಹೆಚ್ಚು ಹೊಂದುತ್ತದೆ. 2007ರಿಂದ ನಡೆಯುತ್ತಿರುವ ಅದರಲ್ಲಿ ಮಾತನಾಡುವುದೂ ಬರೆಯುವುದೂ ಸೇರಿವೆ, ಅನೇಕ ಕಾಲೇಜುಗಳು ಕ್ರೆಡಿಟ್ ಕೊಡುತ್ತವೆ. ಮಾತನ್ನೇ ಅಳೆಸಿಕೊಳ್ಳಬೇಕಾದ ದೊಡ್ಡವರಿಗೆ ಆಕ್ಟ್‌ಫಲ್ ಸಂಸ್ಥೆಯ ಮೌಖಿಕ ಸಂದರ್ಶನವಿದೆ.

ಪ್ರಮಾಣಪತ್ರ ಯಾರೂ ಕೇಳದ ನನ್ನಂಥವರಿಗೆ ಪರೀಕ್ಷೆಯಿಂದ ಎರಡೇ ಲಾಭ: ಒಂದು ಗಡುವು, ಒಂದು ಅಳತೆ. ಅದಕ್ಕೆ ತೆರುವುದು ಶುಲ್ಕವನ್ನಷ್ಟೇ ಅಲ್ಲ, ಮಾತಿನ ಅಭ್ಯಾಸಕ್ಕೆ ಸಿಗಬಹುದಾಗಿದ್ದ ಸಂಜೆಗಳನ್ನೂ ತೆರಬೇಕು.

ನನ್ನ ತೀರ್ಮಾನ

ಮೊಮ್ಮಗಳೊಡನೆ ಹರಟಲು ಈ ಪರೀಕ್ಷೆ ಏನೂ ಸಹಾಯ ಮಾಡದು. ಅವಳಿಗೆ ಬೇಕಾದ್ದು ತಡವರಿಸದೆ ಕತೆ ಹೇಳುವ ಅಜ್ಜಿ. ಬೀಗಿತ್ತಿಯ ವಿಷಯ ಬೇರೆ. ಅವರು ವಾರಕ್ಕೆ ಮೂರು ನಾಲ್ಕು ಸಲ ಸಂದೇಶ ಬರೆಯುತ್ತಾರೆ: ಮಗುವಿಗೆ ಜ್ವರ ಬಂತು, ಶಿಶುವಿಹಾರದಲ್ಲಿ ಹಾಡಿದಳು, ಈ ವರ್ಷದ ಉಪ್ಪಿನಕಾಯಿ ಹದವಾಗಿದೆ. ಅನುವಾದದ ಆ್ಯಪ್ ಅರ್ಥ ತಿಳಿಸುತ್ತದೆ, ಅವರ ದನಿ ಮಾತ್ರ ಅದರಲ್ಲಿ ಕೇಳಿಸುವುದಿಲ್ಲ. ಆ ಸಾಲುಗಳನ್ನು ನಾನೇ ಓದಬೇಕಾದರೆ ಎನ್4 ಕೇಳುವ ಕಾಂಜಿಗಳೇ ಮೊದಲು ಬೇಕು. ಆದ್ದರಿಂದ ಈ ಡಿಸೆಂಬರ್‌ನಲ್ಲಿ ಎನ್4 ಕಟ್ಟುತ್ತೇನೆ, ಎನ್3ರ ಆಸೆ ಸದ್ಯಕ್ಕಿಲ್ಲ. ಎಮರಿ ಗೋ-ರೌಂಡ್ ಬಸ್ಸಿನಲ್ಲಿ ಬಾರ್ಟ್ ನಿಲ್ದಾಣಕ್ಕೆ ಹೋಗುವ ಹೊತ್ತು ಕಾಂಜಿ ಚೀಟಿಗಳಿಗೆ. ಶನಿವಾರ ಸಂಜೆಯ ನಾಗೋಯಾ ಕರೆ, ಅಲ್ಲಿಗೆ ಭಾನುವಾರ ಬೆಳಗ್ಗೆ, ಮಾತಿಗೇ ಮೀಸಲು. ಪರೀಕ್ಷೆಯ ಹಿಂದಿನ ವಾರವೂ ಅದನ್ನು ತಪ್ಪಿಸುವುದಿಲ್ಲ.

ಕಟ್ಟುವ ಮನಸ್ಸಿದ್ದವರು ಬೇಸಿಗೆ ಮುಗಿಯುವ ಹೊತ್ತಿಗೇ ನೋಂದಣಿಯ ಕಡೆ ಕಣ್ಣಿಟ್ಟಿರಿ, ಆಸನಗಳು ಸೀಮಿತ. ಫಲಿತಾಂಶ ಜನವರಿ ಕೊನೆಯ ಸುಮಾರಿಗೆ ಬರುತ್ತದೆ. ಎನ್4ರಲ್ಲಿ ಭಾಷಾಜ್ಞಾನ-ಓದಿಗೆ 120, ಆಲಿಸುವಿಕೆಗೆ 60 ಎಂದು ಅಂಕ ಬೇರೆಬೇರೆಯಾಗಿ ಕೊಡುತ್ತಾರೆ. ಪಾಸೋ ನಪಾಸೋ, ಕಣ್ಣು ಹಿಂದಿದೆಯೋ ಕಿವಿ ಹಿಂದಿದೆಯೋ ಎಂಬುದು ಆ ಹಾಳೆಯಿಂದ ತಿಳಿಯುತ್ತದೆ. ಬಾಯಿಯ ಅಂಕವನ್ನು ನನ್ನ ಮಟ್ಟಿಗೆ ಮೊಮ್ಮಗಳೇ ಕೊಡಬೇಕು.