ತಲೆದಿಂಬಿನ ಪಕ್ಕದ ಪಿಸ್ತೂಲು

ಆತ್ಮರಕ್ಷಣೆಗೆಂದು ಮನೆಯೊಳಗೆ ಕೈಬಂದೂಕು ಇಟ್ಟುಕೊಳ್ಳುವುದು ನಾಗರಿಕರ ಹಕ್ಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2008ರಲ್ಲಿ, ಹೆಲ್ಲರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಹಕ್ಕೇನೋ ಸಿಕ್ಕಿತು. ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತ ಸಾಮಾನ್ಯ ಸಂಬಳದವರು ಕೊಳ್ಳಬೇಕಾದದ್ದು ಯಾವುದು?

ಹಳಬರ ಉತ್ತರ ರಿವಾಲ್ವರ್. ಸ್ಮಿತ್ ಆ್ಯಂಡ್ ವೆಸ್ಸನ್ ಕಂಪನಿಯ ಮಾಡೆಲ್ 10ರ ವಂಶ 1899ರಷ್ಟು ಹಿಂದಕ್ಕೆ ಹೋಗುತ್ತದೆ. ದಶಕಗಳ ಕಾಲ ಅಲ್ಲಿನ ಪೊಲೀಸರ ಸೊಂಟದಲ್ಲಿದ್ದ ಆಯುಧ. ಆರೇ ಗುಂಡು. ಒಂದು ಹಾರದಿದ್ದರೆ ಟ್ರಿಗರ್ ಮತ್ತೆ ಎಳೆದರಾಯಿತು, ಚಕ್ರ ತಿರುಗಿ ಮುಂದಿನದು ಎದುರಿಗೆ ಬರುತ್ತದೆ. ಟ್ರಿಗರ್ ಮಾತ್ರ ಬಿಗಿ, ಬೆರಳಿಗೆ ಅಭ್ಯಾಸ ಬೇಕು.

1988ರಲ್ಲಿ ಬಂದ ಗ್ಲಾಕ್ 19ರದು ಬೇರೆ ದಾರಿ. 9 ಎಂಎಂ, ಮ್ಯಾಗಜೀನಿನಲ್ಲಿ 15 ಗುಂಡು, ಪ್ಲಾಸ್ಟಿಕ್ ಚೌಕಟ್ಟು. ಹೊಸದು ದುಬಾರಿ ಎನಿಸಿದರೆ ಪೊಲೀಸ್ ಇಲಾಖೆಗಳು ಬದಲಾಯಿಸಿಕೊಂಡಾಗ ಮಾರುಕಟ್ಟೆಗೆ ಬರುವ ಹಳೆಯವಿವೆ. ಹೊರಮೈ ಗೀರುಬಿದ್ದಿರುತ್ತದೆ, ಒಳಗಿನ ಯಂತ್ರ ಸಾಮಾನ್ಯವಾಗಿ ಗಟ್ಟಿ. ಹೆಸರಿಲ್ಲದ ಅಗ್ಗದ ಹೊಸದಕ್ಕಿಂತ ಇದೇ ವಾಸಿ.

ಉಳಿದ ಹಣ ಹೋಗಬೇಕಾದದ್ದು ಗುಂಡಿಗೆ, ಅಭ್ಯಾಸಕ್ಕೆ, ಬೆರಳಿಟ್ಟರೆ ತಟ್ಟನೆ ತೆರೆಯುವ ಬೀಗದ ಪೆಟ್ಟಿಗೆಗೆ, ಒಂದು ಒಳ್ಳೆಯ ಟಾರ್ಚಿಗೆ. ಕತ್ತಲಲ್ಲಿ ಬಾಗಿಲ ಬಳಿ ನಿಂತದ್ದು ನೀರು ಕುಡಿಯಲೆದ್ದ ಮಗಳೂ ಆಗಿರಬಹುದು. ಅಮೆರಿಕದ ಮನೆಗಳ ತೆಳು ಜಿಪ್ಸಮ್ ಗೋಡೆಯನ್ನು 9 ಎಂಎಂ ಗುಂಡು ಸಲೀಸಾಗಿ ತೂರಿ ಪಕ್ಕದ ಕೋಣೆಗೆ ಹೋಗುತ್ತದೆ.

ಮಕ್ಕಳಿರುವ ಮನೆಯಲ್ಲಿ ದಿಂಬಿನಡಿಯ ಪಿಸ್ತೂಲು, ಬೀಗವಿಲ್ಲದ ಡ್ರಾಯರಿನ ಪಿಸ್ತೂಲು ಬೇಡವೇ ಬೇಡ. ಪೆಟ್ಟಿಗೆಗೆ ದುಡ್ಡು ಸಾಲದಿದ್ದರೆ ಬಂದೂಕಿನ ಖರೀದಿಯನ್ನೇ ಮುಂದಿನ ತಿಂಗಳಿಗೆ ಹಾಕಿ.