ಅಳಿಸಿದ ಮೇಲೂ ಉಳಿಯುವ ಸಾಲುಗಳು: ಡೇಟಾಬೇಸ್ ನಿರ್ವಹಣೆಯ ಕೆಲವು ತಪ್ಪು ಕಲ್ಪನೆಗಳು

ಮಾಹಿತಿಯನ್ನು ಸಾಲು ಮತ್ತು ಕಾಲಂಗಳುಳ್ಳ ಕೋಷ್ಟಕಗಳಲ್ಲಿ ಇಡುವ ರಿಲೇಷನಲ್ ಡೇಟಾಬೇಸಿನ ಕಲ್ಪನೆಯನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಮಂಡಿಸಿದಾಗ, ಮಾಹಿತಿ ಯಂತ್ರದೊಳಗೆ ಹೇಗೆ ಕುಳಿತಿದೆ ಎಂಬ ಗೊಡವೆ ಬಳಕೆದಾರರಿಗೆ ಇರಬಾರದು ಎಂಬುದು ಅವರ ಮುಖ್ಯ ಆಶಯವಾಗಿತ್ತು. ಬಳಕೆದಾರರಿಗೆ ದೊರೆತ ಈ ವಿನಾಯಿತಿ ತಮಗೂ ಸಲ್ಲುತ್ತದೆ ಎಂದು ಡೇಟಾಬೇಸ್ ನಿರ್ವಾಹಕರು ಭಾವಿಸಿದಲ್ಲಿಂದಲೇ ಈ ಕ್ಷೇತ್ರದ ಬಹುಪಾಲು ತಪ್ಪು ಕಲ್ಪನೆಗಳು ಹುಟ್ಟಿಕೊಳ್ಳುತ್ತವೆ. ಆದೇಶ ಯಶಸ್ವಿಯಾಯಿತು ಎಂದು ಪರದೆಯ ಮೇಲೆ ಬಂದ ಮಾತ್ರಕ್ಕೆ ನಿರ್ವಾಹಕರು ಬಯಸಿದ್ದೇ ಒಳಗೆ ನಡೆದಿರುತ್ತದೆ ಎನ್ನುವಂತಿಲ್ಲ. ವ್ಯಾಪಕ ಬಳಕೆಯಲ್ಲಿರುವ ಪೋಸ್ಟ್‌ಗ್ರೆಸ್ ಡೇಟಾಬೇಸನ್ನೇ ಹೆಚ್ಚಾಗಿ ಉದಾಹರಣೆಗೆ ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ.

ಡಿಲೀಟ್ ಆದೇಶದಿಂದ ಲಕ್ಷಾಂತರ ಸಾಲುಗಳನ್ನು ಅಳಿಸಿದರೆ ಡಿಸ್ಕಿನಲ್ಲಿ ಅಷ್ಟೇ ಜಾಗ ಖಾಲಿಯಾಗುತ್ತದೆ ಎಂಬುದು ಅತ್ಯಂತ ಸಾಮಾನ್ಯವಾದ ನಂಬಿಕೆ. ವಾಸ್ತವದಲ್ಲಿ ಪೋಸ್ಟ್‌ಗ್ರೆಸ್ ಆ ಕ್ಷಣದಲ್ಲಿ ಏನನ್ನೂ ಅಳಿಸುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಹಳೆಯ ನಮೂದಿಗೆ ಗೆರೆ ಎಳೆದಂತೆ, ಪ್ರತಿ ಸಾಲಿನ ತಲೆಭಾಗದಲ್ಲಿ ಅದನ್ನು ಅಳಿಸಿದ ಟ್ರಾನ್ಸಾಕ್ಷನ್ನಿನ ಸಂಖ್ಯೆಯನ್ನಷ್ಟೇ ಬರೆದಿಡುತ್ತದೆ. (ಟ್ರಾನ್ಸಾಕ್ಷನ್ ಎಂದರೆ ಪೂರ್ತಿ ಆಗಬೇಕಾದ ಅಥವಾ ಸ್ವಲ್ಪವೂ ಆಗಬಾರದ ಕೆಲಸಗಳ ಒಂದು ಕಟ್ಟು.) ಅಳಿಸುವುದಕ್ಕೂ ಮೊದಲೇ ಓದಲು ತೊಡಗಿದ ಇನ್ನೊಬ್ಬರಿಗೆ ಆ ಸಾಲು ಇನ್ನೂ ಕಾಣಿಸಬೇಕಾಗಿರುವುದರಿಂದ ಈ ಏರ್ಪಾಡು ಅನಿವಾರ್ಯ. ಯಾರಿಗೂ ಬೇಡವಾದ ಇಂಥ ಸತ್ತ ಸಾಲುಗಳನ್ನು ಗುಡಿಸುವುದು ವ್ಯಾಕ್ಯೂಮ್ ಎಂಬ ಪ್ರಕ್ರಿಯೆಯ ಕೆಲಸ, ಆದರೆ ಅದು ಕೂಡ ತೆರವಾದ ಜಾಗವನ್ನು ಅದೇ ಕೋಷ್ಟಕದ ಮುಂದಿನ ಸಾಲುಗಳಿಗೆ ಕಾದಿರಿಸುತ್ತದೆಯೇ ಹೊರತು, ಕಡತದ ಕೊನೆಯಲ್ಲಿ ಪೂರ್ತಿ ಖಾಲಿಯಾದ ಪುಟಗಳ ವಿನಾ ಬೇರೇನನ್ನೂ ಆಪರೇಟಿಂಗ್ ಸಿಸ್ಟಮ್ಮಿಗೆ ಸಾಮಾನ್ಯವಾಗಿ ಹಿಂದಿರುಗಿಸುವುದಿಲ್ಲ. ಜಾಗವನ್ನು ನಿಜಕ್ಕೂ ಮರಳಿಸುವ ವ್ಯಾಕ್ಯೂಮ್ ಫುಲ್ ಆದೇಶ ಇಡೀ ಕೋಷ್ಟಕವನ್ನು ಹೊಸದಾಗಿ ಬರೆಯುವುದರಿಂದ, ಆ ಹೊತ್ತಿನಲ್ಲಿ ಓದಲಿಕ್ಕೂ ಯಾರನ್ನೂ ಬಿಡದಿರುವುದಷ್ಟೇ ಅಲ್ಲ, ಹೊಸ ಪ್ರತಿಗೆ ಬೇಕಾದಷ್ಟು ಹೆಚ್ಚುವರಿ ಜಾಗವನ್ನೂ ಕೇಳುತ್ತದೆ. ಡಿಸ್ಕ್ ತುಂಬಿತೆಂದು ಅದರ ಮೊರೆ ಹೋದವರಿಗೆ ಇದು ಸಮಾಧಾನದ ಸುದ್ದಿಯಲ್ಲ. ಹಳೆಯ ತಿಂಗಳುಗಳ ದಾಖಲೆಯನ್ನು ಆಗಾಗ ತೆಗೆದುಹಾಕಬೇಕಾದ ಕಡೆ ಕೋಷ್ಟಕವನ್ನು ಮೊದಲೇ ತಿಂಗಳುವಾರು ವಿಭಾಗಗಳಾಗಿ ಒಡೆದು, ಬೇಡವಾದ ವಿಭಾಗವನ್ನೇ ಕಿತ್ತುಹಾಕುವುದು ಸರಿಯಾದ ದಾರಿ.

ವ್ಯಾಕ್ಯೂಮ್ ತಾನಾಗಿ ನಡೆಯುವ ಏರ್ಪಾಡಿಗೆ ಆಟೋವ್ಯಾಕ್ಯೂಮ್ ಎಂದು ಹೆಸರು. ಅದು ಡೇಟಾಬೇಸಿಗೆ ಹೊರೆ, ಹಾಗಾಗಿ ನಿಲ್ಲಿಸಿಡುವುದೇ ಲೇಸು ಎಂಬ ಸಲಹೆ ಈಗಲೂ ಕೇಳಿಬರುತ್ತದೆ, ಮತ್ತು ಈ ಪ್ರಬಂಧದಲ್ಲಿ ಚರ್ಚಿಸಿರುವ ನಂಬಿಕೆಗಳಲ್ಲೆಲ್ಲ ಅತ್ಯಂತ ಅಪಾಯಕಾರಿಯಾದದ್ದು ಅದೇ. ಮೂಲ ಹೊಂದಾಣಿಕೆಯಂತೆ ಕೋಷ್ಟಕದ ಸುಮಾರು ಶೇಕಡಾ 20ರಷ್ಟು ಸಾಲುಗಳು ಸತ್ತ ಮೇಲಷ್ಟೇ ಅದು ಎಚ್ಚರಗೊಳ್ಳುತ್ತದೆ. 10 ಕೋಟಿ ಸಾಲುಗಳ ಕೋಷ್ಟಕದಲ್ಲಿ 2 ಕೋಟಿ ಸತ್ತ ಸಾಲುಗಳು ರಾಶಿ ಬಿದ್ದ ನಂತರ ಆರಂಭವಾಗುವ ಗುಡಿಸುವಿಕೆ ಭಾರವಾಗಿಯೇ ಇರುತ್ತದೆ. ಆದ್ದರಿಂದ ದೊಡ್ಡ ಕೋಷ್ಟಕಗಳಿಗೆ ಅದು ಇನ್ನೂ ಬೇಗ, ಇನ್ನೂ ಪದೇಪದೇ ನಡೆಯುವಂತೆ ಮಾಡಬೇಕೇ ಹೊರತು ನಿಲ್ಲಿಸಬಾರದು. ಇದಕ್ಕಿಂತ ಗಂಭೀರವಾದ ಇನ್ನೊಂದು ಕಾರಣವೂ ಇದೆ. ಟ್ರಾನ್ಸಾಕ್ಷನ್ ಸಂಖ್ಯೆ 32 ಬಿಟ್‌ಗಳಷ್ಟೇ ಆಗಿದ್ದು, ಸುಮಾರು 200 ಕೋಟಿ ಟ್ರಾನ್ಸಾಕ್ಷನ್‌ಗಳಾಚೆಗೆ ಹಳೆಯದು ಯಾವುದು, ಹೊಸದು ಯಾವುದು ಎಂಬ ವಿವೇಚನೆಯೇ ತಲೆಕೆಳಗಾಗುವುದರಿಂದ, ಹಳೆಯ ಸಾಲುಗಳಿಗೆ ಶಾಶ್ವತ ಎಂಬ ಮುದ್ರೆ ಒತ್ತುವ ಹೊಣೆಯೂ ವ್ಯಾಕ್ಯೂಮಿನದೇ. ಮೂಲ ಹೊಂದಾಣಿಕೆಯಲ್ಲಿ, ಈ ಮುದ್ರೆ ಬೀಳದ ಸಾಲುಗಳ ವಯಸ್ಸು 20 ಕೋಟಿ ಟ್ರಾನ್ಸಾಕ್ಷನ್ ದಾಟಿದೊಡನೆ, ನಿರ್ವಾಹಕರು ಆಟೋವ್ಯಾಕ್ಯೂಮನ್ನು ನಿಲ್ಲಿಸಿದ್ದರೂ ಅದು ಬಲವಂತವಾಗಿ ನಡೆಯುತ್ತದೆ. ಆಗಲೂ ಕೆಲಸ ಮುಗಿಯದಿದ್ದರೆ ಕೊನೆಗೆ ಡೇಟಾಬೇಸ್ ಹೊಸ ಬರವಣಿಗೆಯನ್ನೇ ನಿರಾಕರಿಸುತ್ತದೆ. 2015ರಲ್ಲಿ ಸೆಂಟ್ರಿ ಮತ್ತು 2019ರಲ್ಲಿ ಮೇಲ್‌ಚಿಂಪ್ ಸಂಸ್ಥೆಯ ಮ್ಯಾಂಡ್ರಿಲ್ ಸೇವೆಗಳಿಗೆ ಇದೇ ಕಾರಣದಿಂದ ದೊಡ್ಡ ಅಡಚಣೆ ಉಂಟಾಯಿತು, ಮತ್ತು ಎರಡೂ ಸಂಸ್ಥೆಗಳು ನಡೆದದ್ದನ್ನು ಬಹಿರಂಗವಾಗಿ ವಿವರಿಸಿದವು.

ಕೋಷ್ಟಕಕ್ಕೆ ಒಂದು ಕಾಲಂ ಸೇರಿಸುವುದು ಕಣ್ಣು ಮಿಟುಕಿಸುವಷ್ಟರ ಕೆಲಸ, ಆದ್ದರಿಂದ ಕಚೇರಿಯ ವೇಳೆಯಲ್ಲೂ ನಿರಾತಂಕವಾಗಿ ಮಾಡಬಹುದು ಎಂಬ ಅಭಿಪ್ರಾಯದಲ್ಲಿ ಅರ್ಧ ನಿಜವಿದೆ, ಏಕೆಂದರೆ ಕೆಲಸ ನಿಜಕ್ಕೂ ಕ್ಷಣಾರ್ಧದ್ದು, ಕಾಯುವಿಕೆ ಮಾತ್ರ ಹಾಗಲ್ಲ. ಅದೇ ಕೋಷ್ಟಕದ ಮೇಲೆ ಯಾರದೋ ವರದಿಯ ಸೆಲೆಕ್ಟ್ ಪ್ರಶ್ನೆ ಅರ್ಧ ಗಂಟೆಯಿಂದ ಓಡುತ್ತಿದೆ ಎಂದಿಟ್ಟುಕೊಂಡರೆ, ಕಾಲಂ ಸೇರಿಸುವ ಆಲ್ಟರ್ ಟೇಬಲ್ ಆದೇಶಕ್ಕೆ ಇಡೀ ಕೋಷ್ಟಕದ ಲಾಕ್ ಬೇಕಾದ್ದರಿಂದ ಅದು ವರದಿ ಮುಗಿಯುವವರೆಗೆ ಸರದಿಯಲ್ಲಿ ನಿಲ್ಲುತ್ತದೆ; ಅದರ ನಂತರ ಬಂದ ಪ್ರತಿಯೊಂದು ಸೆಲೆಕ್ಟ್ ಕೂಡ, ವರದಿಯ ಜೊತೆ ಯಾವ ಘರ್ಷಣೆಯೂ ಇಲ್ಲದಿದ್ದರೂ, ಈ ಆದೇಶದ ಹಿಂದೆಯೇ ಸಾಲುಗಟ್ಟುತ್ತದೆ. ಆಗ ಅಪ್ಲಿಕೇಶನ್ ಸತ್ತಂತೆ ಕಾಣುತ್ತದೆ, ಸರ್ವರಿನ ಸಿಪಿಯು ಮಾತ್ರ ಸುಮ್ಮನೆ ಕುಳಿತಿರುತ್ತದೆ, ಮತ್ತು ಕಾರಣ ತೋಚದವರು ಸರ್ವರನ್ನೇ ರೀಸ್ಟಾರ್ಟ್ ಮಾಡುತ್ತಾರೆ. ಯಾರು ಎಷ್ಟು ಹೊತ್ತಿನಿಂದ ಓಡುತ್ತಿದ್ದಾರೆ, ಯಾರು ಲಾಕ್‌ಗಾಗಿ ಕಾಯುತ್ತಿದ್ದಾರೆ ಎಂಬುದನ್ನು ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ ಎಂಬ ನೋಟದಲ್ಲಿ ಮೊದಲು ಪರಿಶೀಲಿಸುವುದು, ಇಂಥ ಆದೇಶಕ್ಕೆ ಎರಡು ಮೂರು ಸೆಕೆಂಡಿನ ಲಾಕ್ ಟೈಮ್‌ಔಟ್ ವಿಧಿಸಿ, ಸಿಗದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸುವುದು ಸರಿಯಾದ ಕ್ರಮ.

ಇಂಡೆಕ್ಸ್ ಹಾಕಿದರೆ ಎಲ್ಲವೂ ವೇಗವಾಗುತ್ತದೆ ಎಂಬ ನಂಬಿಕೆಯನ್ನು ಹೆಚ್ಚು ಬೆಳೆಸಬೇಕಾಗಿಲ್ಲ: ಪ್ರತಿ ಇಂಡೆಕ್ಸ್ ಬರವಣಿಗೆಯನ್ನು ನಿಧಾನಗೊಳಿಸುತ್ತದೆ, ಮತ್ತು ಕೋಷ್ಟಕದ ದೊಡ್ಡ ಪಾಲು ಬೇಕಾದಾಗ ಇಂಡೆಕ್ಸನ್ನು ಬದಿಗಿಟ್ಟು ಇಡಿಯಾಗಿ ಓದುವುದೇ ಅಗ್ಗವೆಂದು ಡೇಟಾಬೇಸ್ ಸರಿಯಾಗಿಯೇ ಲೆಕ್ಕ ಹಾಕುತ್ತದೆ. ಆ ಲೆಕ್ಕವನ್ನು ಎಕ್ಸ್‌ಪ್ಲೇನ್ ಅನಲೈಜ್ ತೋರಿಸುತ್ತದೆ, ಆದರೆ ಅದು ಬರಿಯ ವಿವರಣೆಯಲ್ಲ, ಕೊಟ್ಟ ಆದೇಶವನ್ನು ನಿಜವಾಗಿಯೂ ನಡೆಸುತ್ತದೆ ಎಂಬುದನ್ನು ಡಿಲೀಟ್‌ನ ಮುಂದೆ ಅದನ್ನು ಬರೆಯುವವರು ನೆನಪಿಡಬೇಕು.

ಮೂಲ ಸರ್ವರಿನ ಬದಲಾವಣೆಗಳನ್ನು ಕೂಡಲೇ ಅನುಕರಿಸುವ ರೆಪ್ಲಿಕಾ ಇದ್ದರೆ ಬ್ಯಾಕಪ್ ಬೇಡ ಎಂಬ ಮಾತೂ ಇದೆ. ರೆಪ್ಲಿಕಾ ಯಂತ್ರ ಕೆಟ್ಟಾಗ ಕಾಪಾಡುತ್ತದೆ, ಕೈ ತಪ್ಪಿದಾಗ ಕಾಪಾಡುವುದಿಲ್ಲ; ತಪ್ಪಾಗಿ ತೆಗೆದುಹಾಕಿದ ಕೋಷ್ಟಕ ಸಾಮಾನ್ಯವಾಗಿ ಅಲ್ಲಿಯೂ ಮರುಕ್ಷಣವೇ ಮಾಯವಾಗುತ್ತದೆ. ಬ್ಯಾಕಪ್ ಇದೆ ಎಂಬ ನಂಬಿಕೆಯಾದರೂ ಪರೀಕ್ಷೆಗೆ ಒಳಗಾಗದಿದ್ದರೆ ಅಷ್ಟೇ ಟೊಳ್ಳು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ರೆಪ್ಲಿಕಾದ ಮೇಲಿದ್ದೇನೆಂದು ಭಾವಿಸಿ ಮೂಲ ಸರ್ವರಿನ ಸುಮಾರು 300 ಜಿಬಿ ಮಾಹಿತಿಯ ಬಹುಪಾಲನ್ನು ಅಳಿಸಿಬಿಟ್ಟರು. ದಿನನಿತ್ಯದ ಬ್ಯಾಕಪ್ಪಿನತ್ತ ತಿರುಗಿ ನೋಡಿದರೆ, ಬ್ಯಾಕಪ್ ತೆಗೆಯುವ ಸಾಧನ 9.2ನೇ ಆವೃತ್ತಿಯದ್ದೂ ಸರ್ವರ್ 9.6ರದ್ದೂ ಆಗಿದ್ದುದರಿಂದ ಅದು ವಿಫಲವಾಗುತ್ತಲೇ ಬಂದಿತ್ತು, ಮತ್ತು ವೈಫಲ್ಯವನ್ನು ತಿಳಿಸುವ ಇಮೇಲ್‌ಗಳನ್ನು ದೃಢೀಕರಣದ ಕೊರತೆಯಿಂದಾಗಿ ಮೇಲ್ ವ್ಯವಸ್ಥೆ ತಿರಸ್ಕರಿಸಿತ್ತು. ಅನ್ಯ ಉದ್ದೇಶಕ್ಕೆಂದು ಆರು ಗಂಟೆಗಳ ಹಿಂದೆ ತೆಗೆದಿದ್ದ ಪ್ರತಿಯೊಂದು ಅದೃಷ್ಟವಶಾತ್ ಇದ್ದುದರಿಂದ ನಷ್ಟ ಆ ಅವಧಿಯ ಮಾಹಿತಿಗೆ ಸೀಮಿತವಾಯಿತು.

ಕನ್ನಡದ ಹೆಸರುಗಳನ್ನು ತುಂಬುವ ಡೇಟಾಬೇಸುಗಳಲ್ಲಿ ಇನ್ನೊಂದು ಬಗೆಯ ಭ್ರಮೆ ಎದುರಾಗುತ್ತದೆ: ಕಾಲಂನ ಅಳತೆ 20 ಎಂದರೆ 20 ಅಕ್ಷರ. ಒರಾಕಲ್‌ನಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ಅದು 20 ಬೈಟ್. ಯುಟಿಎಫ್-8 ಪದ್ಧತಿಯಲ್ಲಿ ಪ್ರತಿಯೊಂದು ಕನ್ನಡ ಚಿಹ್ನೆಗೆ 3 ಬೈಟ್ ಬೇಕಾಗಿ, ಒತ್ತು, ಗುಣಿತಗಳೂ ಬೇರೆ ಬೇರೆ ಚಿಹ್ನೆಗಳಾಗಿ ಎಣಿಕೆಯಾಗುವುದರಿಂದ, ಓದುವವರಿಗೆ ನಾಲ್ಕೇ ಅಕ್ಷರಗಳಾಗಿ ಕಾಣುವ ‘ಲಕ್ಷ್ಮೀದೇವಿ’ ಎಂಬ ಹೆಸರು 11 ಚಿಹ್ನೆಗಳ 33 ಬೈಟ್ ಆಗಿ ಆ ಕಾಲಂನಲ್ಲಿ ಹಿಡಿಸದೆ ತಿರಸ್ಕೃತವಾಗುತ್ತದೆ. ಅಳತೆಯನ್ನು ಚಿಹ್ನೆಗಳಲ್ಲಿ ನಮೂದಿಸಿದರೆ ಈ ತೊಂದರೆಯಿಲ್ಲ. ಪತ್ತೆಹಚ್ಚಲು ಇನ್ನೂ ಕಷ್ಟವಾದದ್ದು ಹುಡುಕಾಟದ ಸಮಸ್ಯೆ. ‘ದೇ’ಯಲ್ಲಿರುವ ಏತ್ವವನ್ನು ಯೂನಿಕೋಡ್ ಒಂದೇ ಚಿಹ್ನೆಯಾಗಿಯೂ, ಎತ್ವ ಮತ್ತು ದೀರ್ಘಗಳ ಜೋಡಿಯಾಗಿಯೂ ಬರೆಯಗೊಡುತ್ತದೆ, ಕಣ್ಣಿಗೆ ಎರಡೂ ಒಂದೇ, ಆದರೆ ಪೋಸ್ಟ್‌ಗ್ರೆಸ್‌ನ ಸಾಮಾನ್ಯ ಹೋಲಿಕೆಗೆ ಅವು ಬೇರೆ ಬೇರೆ. ಹೀಗಾಗಿ ದಾಖಲೆ ಕಣ್ಣೆದುರೇ ಇದ್ದರೂ ಹುಡುಕಿದಾಗ ಸಿಗುವುದಿಲ್ಲ, ಒಂದೇ ಹೆಸರು ಎರಡು ಬಾರಿ ಬರಬಾರದೆಂಬ ನಿರ್ಬಂಧವಿದ್ದರೂ ಎರಡು ಬಾರಿ ಸೇರಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್‌ನ 13ನೇ ಆವೃತ್ತಿಯಿಂದ ಲಭ್ಯವಿರುವ ನಾರ್ಮಲೈಜ್ ಎಂಬ ಫಂಕ್ಷನ್ ಇವೆರಡನ್ನೂ ಒಂದೇ ರೂಪಕ್ಕೆ ತರುತ್ತದೆಯಾದರೂ, ಅದನ್ನು ಮಾಹಿತಿ ಒಳಬರುವಾಗಲೂ ಹುಡುಕುವಾಗಲೂ ಅನ್ವಯಿಸುವುದರ ಜೊತೆಗೆ ಈಗಾಗಲೇ ಸೇರಿಕೊಂಡಿರುವ ಜೋಡಿ ದಾಖಲೆಗಳನ್ನು ಬೇರೆಯಾಗಿಯೇ ಪರಿಶೀಲಿಸಿ ಕೂಡಿಸಬೇಕಾಗುತ್ತದೆ.